ಖಾಲಿ ಗುಳಿಯ ನೇರಳೆ

ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಯನ್ನು ಸುಳ್ಳು ಮಾಡಿಯೇ ತೀರುತ್ತೇನೆಂದು ಹೊರಟವನು ನಾನು. ಗಾದೆಗಳ ತಂಟೆಗೆ ಹೋಗಬಾರದು ಅನ್ನುವ ಬುದ್ಧಿ ನಲವತ್ತಾರು ವರ್ಷವಾದರೂ ಬಂದಿರಲಿಲ್ಲ. ಗಿಡ ಬೇರೆ ಅಕ್ಕನ ಮನೆಯ ಹಿತ್ತಿಲಿನದೇ. ಬೇಲಿಗೆ ಹಬ್ಬಿಕೊಂಡು, ಯಾರೂ ನೀರು ಹಾಕದಿದ್ದರೂ ಬೆಳೆಯುವ ಒಂದು ಕಹಿ ಬಳ್ಳಿ. ಅದರ ಎಲೆ ಒಣಗಿಸಿ, ಪುಡಿ ಮಾಡಿ, ಸಾರ ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿದ ರೋಗನಿರೋಧಕ ಕೋಶಗಳಿಗೆ ಹಾಕಿ ನೋಡುವುದು ನನ್ನ ಕೆಲಸ.

ಹೇಳುವುದಕ್ಕೆ ಸುಲಭ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ತೊಂಬತ್ತಾರು ಪುಟ್ಟ ಗುಳಿಗಳು, ಒಂದೊಂದು ಗುಳಿಯಲ್ಲೂ ಸಾವಿರಾರು ಕೋಶ. ಅವಕ್ಕೆ ಪೆರಾಕ್ಸೈಡ್ ಹಾಕಿದರೆ ಕಬ್ಬಿಣ ತುಕ್ಕು ಹಿಡಿದ ಹಾಗೆ ಕೆಟ್ಟು ಸಾಯುತ್ತವೆ. ಮೊದಲೇ ಎಲೆಯ ಸಾರ ಕುಡಿಸಿದ್ದರೆ ಎಷ್ಟು ಬದುಕುತ್ತವೆ ಅನ್ನುವುದು ಪ್ರಶ್ನೆ. ಕೊನೆಯಲ್ಲಿ ಹಳದಿ ದ್ರಾವಣ ಹಾಕುತ್ತೇವೆ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ, ಸತ್ತದ್ದು ಮಾಡುವುದಿಲ್ಲ. ನೇರಳೆ ಗಾಢವಾದಷ್ಟೂ ಜೀವ ಹೆಚ್ಚು ಅಂತ ಲೆಕ್ಕ.

ನನ್ನ ಎಲೆ ಹಾಕಿದ ಗುಳಿಗಳೆಲ್ಲ ಗಾಢ ನೇರಳೆ. ಶೇಕಡಾ ತೊಂಬತ್ತನಾಲ್ಕು! ಇಪ್ಪತ್ತು ವರ್ಷ ಶೇಕಡಾ ನಲವತ್ತು ದಾಟದ ಎಲೆಗಳ ಜೊತೆ ಸಂಸಾರ ಮಾಡಿದವನು ಕುರ್ಚಿಯಿಂದ ಎದ್ದು ನಿಂತೆ. ವಿಭಾಗದ ಮುಖ್ಯಸ್ಥೆ ಮೇಡಂ ಮಾತ್ರ ಅಂಕಿಗಳನ್ನು ನೋಡಿ, ಕನ್ನಡಕ ಮೂಗಿನ ತುದಿಗಿಳಿಸಿ ಒಂದೇ ಪ್ರಶ್ನೆ ಕೇಳಿದರು.

"ಕೋಶ ಹಾಕದೆ, ಬರೀ ಸಾರ ಮತ್ತೆ ಬಣ್ಣ ಹಾಕಿರೋ ಸಾಲು ಎಲ್ಲಿ?"

"ಅದೊಂದು ಮಾಡ್ತೀನಿ ಮೇಡಂ," ಅಂದೆ.

ಮಾಡಲಿಲ್ಲ. ಪೇಷಂಟೇ ಇಲ್ಲದ ಮಂಚಕ್ಕೆ ಯಾರಾದರೂ ಇಂಜೆಕ್ಷನ್ ಕೊಡುತ್ತಾರೆಯೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನಿಗೆ ನಾಲ್ಕನೆಯದನ್ನು ಎಳೆದು ತೋರಿಸಿದರೂ ಕಾಣುವುದಿಲ್ಲ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಹೋಗುತ್ತಿದ್ದದ್ದು ನನ್ನ ಮಾನ ಮಾತ್ರ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜಾಯಮಾನ ನನ್ನದು. ಅಂದೇ ಸಂಜೆ ಅಕ್ಕನ ಮನೆಗೆ ಓಡಿದೆ. ಅಕ್ಕ ಟೈಲರ್. ಮೂರು ವರ್ಷದಿಂದ ಅವಳ ಕೈಕಾಲಿನ ಕೀಲುಗಳಲ್ಲಿ ಉರಿಯೂತ. ಡಾಕ್ಟರು ಕೊಟ್ಟ ಮಾತ್ರೆಯಿಂದ ನೋವು ಹತೋಟಿಯಲ್ಲಿತ್ತು, ಹೊಲಿಗೆಯೂ ನಡೆಯುತ್ತಿತ್ತು. ಹೊಟ್ಟೆ ತೊಳಸುತ್ತದೆ, ಕೂದಲು ಉದುರುತ್ತದೆ ಅಂತ ಗೊಣಗುತ್ತಲೇ ನುಂಗುತ್ತಿದ್ದಳು.

"ನಿನ್ನ ಬೇಲಿ ಬಳ್ಳಿ ಇದೆಯಲ್ಲ, ಉರಿಯೂತಾನ ಬುಡದಲ್ಲೇ ಹಿಡಿಯತ್ತೆ ಕಣೇ ಅಕ್ಕ. ತೊಂಬತ್ತನಾಲ್ಕು ಪರ್ಸೆಂಟ್!"

"ಹಾಗಾದ್ರೆ ಈ ಹಾಳು ಮಾತ್ರೆ ಯಾಕೋ ನುಂಗ್ಲಿ?"

ಬಾಯಿ ಮುಚ್ಚಿಕೊಳ್ಳಲು ದೇವರು ಕೊಟ್ಟ ಅವಕಾಶ ಅದು. "ಮೂರ್ನಾಲ್ಕು ತಿಂಗಳು ಬಿಟ್ಟು ನೋಡು, ಕಷಾಯ ಕುಡಿ. ನಾನಿದ್ದೀನಲ್ಲ," ಅಂದುಬಿಟ್ಟೆ. ನನ್ನ ಹೆಸರಿನ ಮುಂದೆಯೂ ಡಾಕ್ಟರ್ ಅಂತ ಇದೆ, ಆದರೆ ನಾನು ನೋಡಿದ ರೋಗಿಗಳೆಲ್ಲ ಸೂಕ್ಷ್ಮದರ್ಶಕದ ಕೆಳಗಿದ್ದವು. ಅಕ್ಕನ ಕೀಲುಗಳ ಮೇಲೆ ಬಿದ್ದಿದ್ದದ್ದು ಅವಳದೇ ರೋಗನಿರೋಧಕ ಕೋಶಗಳು. ಅವುಗಳನ್ನೇ ಕಾಪಾಡಲು ಹೊರಟಿದ್ದೇನಲ್ಲ ಎಂದು ನನ್ನ ಮಂಡೆಗೆ ಹೊಳೆಯಲೂ ಇಲ್ಲ.

ವಾರಕ್ಕೊಮ್ಮೆ ಫೋನ್ ಮಾಡಿ ಕೇಳುತ್ತಿದ್ದೆ. "ಹಗುರ ಆಗಿದೆ ಕಣೋ," ಅನ್ನುತ್ತಿದ್ದಳು. ನೋಟ್‌ಬುಕ್ಕಿನ ಮೂಲೆಯಲ್ಲಿ ಅದನ್ನೂ ಬರೆದುಕೊಳ್ಳುತ್ತಿದ್ದೆ. ಒಬ್ಬ ರೋಗಿಯ ಮಾತು ಪುರಾವೆಯಲ್ಲ ಅಂತ ಮೇಜು ಕುಟ್ಟಿ ಪಾಠ ಮಾಡುವವನೂ ನಾನೇ.

ನಾಲ್ಕನೇ ತಿಂಗಳು, ಒಂದು ಮಂಗಳವಾರ. ದೊಡ್ಡ ಸಮ್ಮೇಳನವೊಂದಕ್ಕೆ ನನ್ನನ್ನು ಕರೆದಿದ್ದರು. ಗುಳಿಗಳಿಗೆ ಕೋಶ ತುಂಬುತ್ತಾ, ಭಾಷಣವನ್ನು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದೆ. ಚಪ್ಪಾಳೆ ಬರುವ ಜಾಗದಲ್ಲಿ ನಿಲ್ಲಿಸಿ, ಚಪ್ಪಾಳೆ ಮುಗಿಯುವಷ್ಟು ಹೊತ್ತು ಬಿಟ್ಟು ಮುಂದುವರಿಸುತ್ತಿದ್ದೆ. ಹಾಗೆ ಬಿಟ್ಟ ಹೊತ್ತಿನಲ್ಲೆಲ್ಲೋ ಕೊನೆಯ ಮೂರು ಸಾಲುಗಳಿಗೆ ಕೋಶ ಹಾಕುವುದನ್ನೇ ಮರೆತೆ. ಎಲೆಯ ಸಾರ, ಹಳದಿ ದ್ರಾವಣ ಮಾತ್ರ ಅವಕ್ಕೂ ಬಿದ್ದವು.

ಮರೆತದ್ದು ಗೊತ್ತಾದದ್ದು ಮರುದಿನ, ಟ್ಯೂಬಿನಲ್ಲಿ ಮೂರು ಸಾಲಿಗಾಗುವಷ್ಟು ಕೋಶ ಹಾಗೇ ಉಳಿದಿದ್ದು ಕಂಡಾಗ. ಅಷ್ಟರಲ್ಲಿ ಬಣ್ಣ ಅಳೆಯುವ ಯಂತ್ರ ಅಂಕಿ ಹೇಳಿಯಾಗಿತ್ತು. ಆ ಮೂರು ಸಾಲುಗಳದ್ದೇ ಎಲ್ಲಕ್ಕಿಂತ ಹೆಚ್ಚು: ತೊಂಬತ್ತೇಳು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಮೊದಲು ಯಂತ್ರವನ್ನು ಬೈದೆ. ಮತ್ತೆ ಅಳೆದೆ. ತೊಂಬತ್ತೇಳು. ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ನೇರಳೆ ಇತ್ತು, ಕೋಶ ಒಂದೂ ಇರಲಿಲ್ಲ.

ಎಲೆ ಯಾರನ್ನೂ ಕಾಪಾಡಿರಲಿಲ್ಲ. ಆ ಹಳದಿ ದ್ರಾವಣವನ್ನು ತಾನೇ ನೇರಳೆ ಮಾಡುವ ಗುಣ ಅದಕ್ಕಿತ್ತು, ಅಷ್ಟೆ. ಇಲ್ಲದ ಜೀವಗಳನ್ನೂ ಸಾವಿನ ದವಡೆಯಿಂದ ಪಾರುಮಾಡಿದ ಮೊದಲ ವಿಜ್ಞಾನಿ ನಾನು. ಮೇಡಂಗೆ ತೋರಿಸಿದೆ. "ಆ ಸಾಲು ಎಲ್ಲಿ ಅಂತ ಅವತ್ತೇ ಕೇಳಿದ್ನಲ್ಲ," ಅಂದರು. ನನಗೇ ನಗು ಬಂತು. ನಕ್ಕು ಮುಗಿಸುವ ಮೊದಲೇ ಅಕ್ಕನ ನೆನಪಾಯಿತು.

ಆದರೂ ಮೂರ್ಖನ ಆಸೆ: ಅಕ್ಕನಿಗೆ ಹಗುರವಾಗಿದೆಯಲ್ಲ! ಫೋನ್ ಕೂಡ ಮಾಡದೆ ಅವಳ ಮನೆಗೆ ಹೋದೆ. ಚಿಲಕ ತೆಗೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು, ಗಿರಾಕಿಗಳ ಗಂಟುಗಳು ಬಿಚ್ಚದೆ ಬಿದ್ದಿದ್ದವು. ಬೆರಳ ಗಿಣ್ಣುಗಳು ಊದಿ ಕೆಂಪಗಾಗಿದ್ದವು. ನಾನು ನೋಡುತ್ತಿರುವುದು ತಿಳಿದು ಕೈಗಳನ್ನು ಸೆರಗಿನಡಿ ಸೇರಿಸಿದಳು.

"ಹಗುರ ಆಗಿದೆ ಅಂತಿದ್ಯಲ್ಲೇ?"

"ಇಷ್ಟು ವರ್ಷದಲ್ಲಿ ಮೊದಲ್ನೇ ಸಲ ನೀನು ಅಷ್ಟು ಖುಷಿಯಾಗಿ ಫೋನ್ ಮಾಡ್ತಿದ್ದೆ. ನೋವು ಅನ್ನಕ್ಕೆ ಬಾಯಿ ಬರ್ಲಿಲ್ಲ ಕಣೋ."

ಎಲ್ಲವನ್ನೂ ಹೇಳಿದೆ. ಎಲೆ ಏನೂ ಮಾಡುವುದಿಲ್ಲ, ಮೇಡಂ ಹೇಳಿದ ಪರೀಕ್ಷೆಯನ್ನು ನಾನು ಮಾಡಲಿಲ್ಲ, ತಪ್ಪು ನನ್ನದು ಅಂತ. ಅಕ್ಕ ಕೊನೆಯವರೆಗೂ ಕೇಳಿ, "ಅಯ್ಯೋ, ಅಷ್ಟು ಕಹಿ ಸುಮ್ಮನೆ ಕುಡ್ದೆನಲ್ಲೋ!" ಅಂದಳು.

ಮರುದಿನ ಬೆಳಿಗ್ಗೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಅವಳ ಕೈಯನ್ನು ತಿರುಗಿಸಿ ನೋಡಿದರು.

"ಮಾತ್ರೆ ನಿಲ್ಲಿಸಕ್ಕೆ ಯಾರು ಹೇಳಿದ್ದು?"

"ನಾನೇ ಬಿಟ್ಟೆ ಡಾಕ್ಟ್ರೇ, ಮರ್ತು," ಅಂದಳು ಅಕ್ಕ ಥಟ್ಟನೆ.

"ನಾನು ಹೇಳಿದ್ದು," ಅಂದೆ.

"ನೀವೇನು ಕೆಲಸ ಮಾಡ್ತೀರಿ?"

ಹೇಳಿದೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಒಂದು ಕ್ಷಣ ನನ್ನನ್ನು ನೋಡಿ, ಮತ್ತೆ ಅಕ್ಕನ ಕಡೆಗೇ ತಿರುಗಿದರು. "ಮಾತ್ರೆ ಶುರು ಮಾಡಿದ್ರೆ ಊತ ಇಳಿಯತ್ತಮ್ಮ. ಆದ್ರೆ ಬಲಗೈ ತೋರುಬೆರಳು ಇನ್ನು ಪೂರ್ತಿ ನೆಟ್ಟಗಾಗೋದು ಕಷ್ಟ."

ಹೊರಗೆ ಬೆಂಚಿನ ಮೇಲೆ ಕೂತಾಗ ನನಗೆ ಅಳು ತಡೆಯಲಾಗಲಿಲ್ಲ. ಔಷಧಿ ಚೀಟಿ ಹಿಡಿದು ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಅತ್ತೆ. ಅಕ್ಕ ಆ ಕೈಯಿಂದಲೇ ನನ್ನ ಬೆನ್ನು ಸವರಿದಳು.

"ಸುಮ್ನಿರೋ, ಜನ ನೋಡ್ತಾರೆ. ಸೂಜಿ ಹಿಡಿಯೋಕೆ ಈ ಬೆರಳು ಬೇಕಾಗೋದೇ ಇಲ್ಲ."

ಈ ಸಲ ನಾನು ನಂಬಲಿಲ್ಲ.