ಐಸ್ ಪೆಟ್ಟಿಗೆಗೊಂದು ಕಿಟಕಿ

ಮಧ್ಯಾಹ್ನ ಅಣ್ಣ ಗಾಡಿ ಸೀಟು ಹೊಲಿಯುವ ನನ್ನ ಅಂಗಡಿಗೆ ಬಂದು, ಮನೆಯ ವ್ಯಾನಿನ ಕೊನೆಯ ಸಾಲಿನಿಂದ ಒಂದು ಸೀಟು ಕಿತ್ತುಹಾಕು ಅಂದ.

ನಾನು ಅದೇ ವ್ಯಾನಿನ ಇನ್ನೊಂದು ಸೀಟಿಗೆ ರೆಕ್ಸಿನ್ ಎಳೆದು ಕ್ಲಿಪ್ಪು ಹಾಕುತ್ತಿದ್ದೆ. ಬಾಯಲ್ಲಿ ನಾಲ್ಕು ಕ್ಲಿಪ್ಪುಗಳಿದ್ದವು. ಅವನ್ನು ಅಂಗೈಗೆ ಉಗುಳಿಕೊಂಡು, "ಯಾಕೆ?" ಅಂದೆ.

"ಐಸ್ ಪೆಟ್ಟಿಗೆ ಇಡೋಕೆ. ದೊಡ್ಡದೇ ತಗೊಂಡೆ. ಡಿಕ್ಕೀಲಿ ಹಿಡಿಯಲ್ಲ."

"ಕಿತ್ರೆ ಆರೇ ಸೀಟು ಉಳಿಯೋದು."

"ಆರು ಸಾಕಲ್ಲ. ನಾನು, ನಿಮ್ಮತ್ತಿಗೆ, ಅಮ್ಮ, ಹುಡುಗೀರಿಬ್ಬರು, ಏಣಿ."

ಏಣಿ ಅಂದರೆ ಅತ್ತಿಗೆಯ ತಮ್ಮ. ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸುವ ಮನುಷ್ಯ. ಅಣ್ಣನ ಮಕ್ಕಳು ಇಟ್ಟ ಹೆಸರು ಅದು. ಈಗ ಹಾಗೆ ಕರೆದರೇ ಅವನು ತಿರುಗಿ ನೋಡುವುದು.

ನಾನು ಮನಸ್ಸಿನಲ್ಲೇ ಇನ್ನೊಮ್ಮೆ ಎಣಿಸಿದೆ. ಆರು.

ಅಣ್ಣ ಶಾಲೆಯಲ್ಲಿ ಟೈಮ್‌ಟೇಬಲ್ ಹಾಕುವ ಮೇಷ್ಟ್ರು. ಮೂವತ್ತೆರಡು ಮಂದಿ ಮೇಷ್ಟ್ರುಗಳು, ಹದಿನೆಂಟು ತರಗತಿಗಳು, ಒಂದೇ ಒಂದು ಆಟದ ಮೈದಾನ. ಅವನು ಹಾಕಿದ ಪಟ್ಟಿಯಲ್ಲಿ ಈವರೆಗೆ ಒಬ್ಬರ ಮೇಲೊಬ್ಬರು ಬಿದ್ದದ್ದಿಲ್ಲ, ಒಬ್ಬರೂ ಬಿಟ್ಟುಹೋದದ್ದಿಲ್ಲ. ಅಂಥವನು ನನ್ನನ್ನು ಮರೆತ ಅಂದರೆ ನಂಬುವುದು ಹೇಗೆ?

"ನಾನು?" ಅಂದೆ.

"ನಿಂಗೆ ಅಂಗಡಿ ಇದೆಯಲ್ಲೇ. ಬೇಸಿಗೇಲಿ ತಲೆ ಕೆರ್ಕೊಳೋಕೂ ಪುರುಸೊತ್ತಿಲ್ಲ ಅಂತ ನೀನೇ ಹೇಳ್ತಿರ್ತೀಯ. ಮತ್ತೆ ನಾಯಿ ಬೇರೆ. ದಿನಾ ಎರಡು ಹೊತ್ತು ಔಷಧಿ. ಅದು ನೀನು ಕೊಟ್ರೇ ತಿನ್ನೋದು."

ಹೀಗೆ ಹೇಳುತ್ತ ಅವನು ಫುಟ್‌ಪಾತಿನ ಮೇಲೆ ನಾನು ಒಣಗಲಿಟ್ಟಿದ್ದ ಸೀಟಿನಲ್ಲಿ ಆರಾಮಾಗಿ ಕೂತ. ನನ್ನ ಅಂಗಡಿಯ ಮುಂದೆ ಯಾವಾಗಲೂ ನಾಲ್ಕೈದು ಸೀಟುಗಳು ಬಿಸಿಲಿಗೆ ಮೈಯೊಡ್ಡಿ ಕೂತಿರುತ್ತವೆ, ಮುಂದೆ ರಸ್ತೆ ಇದ್ದರೂ ಎಲ್ಲಿಗೂ ಹೋಗದೆ. ಅಣ್ಣ ಕೂತದ್ದು ಚಾಲಕನ ಬೆನ್ನ ಹಿಂದಿನ ಕಿಟಕಿಯ ಸೀಟು. ನಾನು ನನಗೆಂದು ಎರಡೆಳೆ ಹೊಲಿಗೆ ಹಾಕಿ ಹೊಲಿದದ್ದು.

ಯಾರಿಗೂ ಹೇಳಿರಲಿಲ್ಲ, ನಿಜ. ಮೂರು ವಾರಗಳಿಂದ ರಾತ್ರಿಯ ಊಟವಾದ ಮೇಲೆ ಮೇಜಿನ ಮೇಲೆ ಪ್ರವಾಸದ ನಕ್ಷೆ ಬಿಚ್ಚಿಕೊಳ್ಳುತ್ತಿತ್ತು. ಐದು ದಿನ, ಸಮುದ್ರದ ಬದಿಯ ರಸ್ತೆ, ಹೋಗುವಾಗ ಬಲಗಡೆಗೆ ನೀರು. ಅಣ್ಣ ಆ ಐದು ದಿನಗಳನ್ನು ನಲವತ್ತು ನಿಮಿಷದ ಪೀರಿಯಡ್ಡುಗಳಾಗಿ ಕತ್ತರಿಸಿದ್ದ. ನಾನೂ ಆ ಮೇಜಿನಲ್ಲಿದ್ದೆ. ಅಮ್ಮನ ಸೊಂಟಕ್ಕೆ ಗಟ್ಟಿ ಸ್ಪಂಜು ಹಾಕಬೇಕು ಅಂದದ್ದು ನಾನು. ಚಿಕ್ಕ ಹುಡುಗಿಗೆ ವಾಂತಿಯಾಗುತ್ತದೆ, ಅವಳ ಸೀಟಿಗೆ ತೊಳೆಯುವಂಥ ರೆಕ್ಸಿನ್ ಹಾಕುತ್ತೇನೆ ಅಂದದ್ದೂ ನಾನೇ. ಅತ್ತಿಗೆಯ ಕತ್ತು, ಏಣಿಯ ಬೆನ್ನು, ಅಣ್ಣ ಎಡಕ್ಕೆ ವಾಲಿ ಕೂರುವ ಅಭ್ಯಾಸ, ಎಲ್ಲವನ್ನೂ ಟೇಪು ಹಿಡಿದು ಅಳೆದಿದ್ದೆ. ಅಷ್ಟೆಲ್ಲ ಅಳೆಸಿಕೊಂಡವರಿಗೆ ನಾನೂ ಬರುತ್ತೇನೆಂದು ಬಾಯಿಬಿಟ್ಟು ಬೇರೆ ಹೇಳಬೇಕಿತ್ತೇ?

ಚಿಕ್ಕವಳಿದ್ದಾಗ ಒಮ್ಮೆ ಸಮುದ್ರಕ್ಕೆ ಹೋಗಿದ್ದೆವು. ಅಪ್ಪ ಯಾರದೋ ಜೀಪು ತಂದಿದ್ದ. ಅಣ್ಣನಿಗೆ ಕಿಟಕಿ, ನನಗೆ ಎರಡು ಸೀಟುಗಳ ನಡುವಿನ ಉಬ್ಬು. ಕೆಳಗೆ ಎಂಜಿನ್ ಕಾಯುತ್ತಿತ್ತು. ಹೋಗುತ್ತ ಬರುತ್ತ ನಾನು ಸಮುದ್ರವನ್ನು ನೋಡಿದ್ದು ಅಣ್ಣನ ಕಿವಿಯ ಪಕ್ಕದ ಸಂದಿಯಿಂದ. ಆ ಕಿವಿಯ ಹಿಂದೊಂದು ಮಚ್ಚೆ ಇದೆ. ಸಮುದ್ರಕ್ಕಿಂತ ಆ ಮಚ್ಚೆಯೇ ನನಗೆ ಚೆನ್ನಾಗಿ ನೆನಪಿದೆ.

"ಆಯ್ತು, ಕೀಳ್ತೀನಿ" ಅಂದೆ.

ಸಂಜೆ ಮನೆಯಲ್ಲಿ ನಕ್ಷೆ ಬಿಚ್ಚುವ ಮೊದಲೇ ನಾನು ಮಾತು ತೆಗೆದೆ.

"ನಾನೂ ಬರ್ತೀನಿ."

ಅತ್ತಿಗೆ ಲೋಟ ಕೆಳಗಿಟ್ಟರು. "ಅಯ್ಯೋ, ಮೊದಲೇ ಒಂದು ಮಾತು ಹೇಳಬಾರದಿತ್ತಾ? ರೂಮೆಲ್ಲ ಗೊತ್ತು ಮಾಡಿ ಆಯ್ತು."

"ಕೇಳಬಾರದಿತ್ತಾ ಅತ್ತಿಗೆ?"

"ನೀನು ಯಾವತ್ತು ಎಲ್ಲಿಗೆ ಬಂದಿದ್ದೀಯ ಅಂತ ಕೇಳೋದು?"

"ಯಾವತ್ತು ಕರೆದಿದ್ದೀರಿ ಅಂತ ಬರೋದು?"

ಹುಡುಗಿಯರಿಬ್ಬರೂ ಟೆನಿಸ್ ಆಟ ನೋಡುವವರಂತೆ ಅತ್ತಿತ್ತ ಕತ್ತು ತಿರುಗಿಸುತ್ತಿದ್ದರು. ದೊಡ್ಡವಳು, "ಐಸ್ ಪೆಟ್ಟಿಗೆ ಬಿಟ್ಟು ಅತ್ತೇನ ಕರ್ಕೊಂಡು ಹೋಗೋಣ" ಅಂದಳು. ಚಿಕ್ಕವಳು ಯೋಚಿಸಿ, "ಐಸ್‌ಕ್ರೀಮು?" ಅಂದಳು. ಎಲ್ಲರೂ ನಕ್ಕರು. ನನಗೂ ನಗು ಬಂತು. ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಪೆಟ್ಟಿಗೆಗೆ ಕಿಟಕಿ ಬೇರೆ ಕೊಟ್ಟಿದ್ದೀಯಲ್ಲಣ್ಣ. ಅದು ಹೊರಗೆ ನೋಡ್ಕೊಂಡು ಹೋಗುತ್ತಾ?"

"ನೋಡೇ, ನನಗೆ ಕತ್ತು ನೋವು. ಅಷ್ಟು ದೂರ ಒಬ್ಬನೇ ಓಡಿಸೋಕಾಗಲ್ಲ. ಅದಕ್ಕೇ ಏಣಿ. ಇಲ್ದಿದ್ರೆ ನಿನಗೇ ಜಾಗ."

"ನಾನು ಓಡಿಸ್ತೀನಲ್ಲ."

ಹನ್ನೊಂದು ವರ್ಷದಿಂದ ನಾನು ಲಾರಿ, ವ್ಯಾನು, ಕಾರು, ಒಮ್ಮೆ ಶವ ಸಾಗಿಸುವ ಗಾಡಿಯನ್ನೂ ಅಂಗಡಿಗೆ ತಂದು, ಸೀಟು ಹೊಲಿದು, ವಾಪಸು ಓಡಿಸಿಕೊಂಡು ಹೋಗಿ ಒಪ್ಪಿಸಿದ್ದೇನೆ. ಅದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರ ತಲೆಗೂ ಬಂದಿಲ್ಲ.

"ಆ ಬೀದಿಯಿಂದ ಈ ಬೀದಿಗೆ ಓಡಿಸೋದು ಬೇರೆ" ಎಂದ ಅಣ್ಣ. ಮೇಜಿನ ತುದಿಯಲ್ಲಿದ್ದ ಏಣಿ ಮೊಣಕಾಲುಗಳನ್ನು ಎಲ್ಲಿಡುವುದೆಂದು ತಿಳಿಯದೆ ಒಮ್ಮೆ ಕೆಮ್ಮಿದ.

ಅಮ್ಮ ನನ್ನ ಕೈ ಮೇಲೆ ಕೈಯಿಟ್ಟಳು. "ಬಿಡೇ. ಮುಂದಿನ ಸಲ ನೀನೇ ಮೊದಲು."

ಅಮ್ಮನ ಈ ಮುಂದಿನ ಸಲ ಎಷ್ಟು ವರ್ಷದಿಂದ ನನ್ನ ಮುಂದೆ ಮುಂದೆಯೇ ಹೋಗುತ್ತಿದೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುವುದು ನನ್ನನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ನಾನು ಕೈ ಎಳೆದುಕೊಂಡೆ. ಅಣ್ಣ ನಕ್ಷೆ ಬಿಚ್ಚಿ ಅದರ ಮೂಲೆಗೆ ನನ್ನದೇ ಟೇಪಿನ ಡಬ್ಬಿ ಇಟ್ಟ.

ಮರುದಿನ ಬೆಳಿಗ್ಗೆ ಹೇಳಿದ ಹಾಗೆ ಕೊನೆಯ ಸಾಲಿನ ಸೀಟು ಕಿತ್ತೆ. ನಾಲ್ಕು ಬೋಲ್ಟು. ಬಿಚ್ಚುವಾಗ ಒಂದೂ ಸತಾಯಿಸಲಿಲ್ಲ.

ಆಮೇಲೆ ಚಾಲಕನ ಸೀಟಿಗೆ ಬಂದೆ. ಅದು ಎರಡು ಉಕ್ಕಿನ ಹಳಿಗಳ ಮೇಲೆ ಕೂತಿರುತ್ತದೆ. ಕೆಳಗಿನ ಹಿಡಿ ಎತ್ತಿದರೆ ಹಿಂದೆ ಮುಂದೆ ಸರಿಯುತ್ತದೆ. ನಾನು ಅದರಲ್ಲಿ ಕೂತು, ಬ್ರೇಕಿನ ಮೇಲೆ ಕಾಲಿಟ್ಟು, ನನ್ನ ಮೊಣಕಾಲಿಗೆ ಹಿತವೆನಿಸುವ ತನಕ ಮುಂದೆ ಸರಿಸಿದೆ. ಬಹಳ ಮುಂದೆ. ನಾನು ಕುಳ್ಳಿ. ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಪಕ್ಕದ ಅಂಗಡಿಯ ವೆಲ್ಡರಜ್ಜನನ್ನು ಕರೆದೆ.

"ಇಲ್ಲಿ ಬೆಸುಗೆ ಹಾಕಿಬಿಟ್ರೆ ಆಮೇಲೆ ಸೀಟು ಸರಿಯಲ್ಲ ಕಣಮ್ಮ" ಅಂದ ಅಜ್ಜ.

"ಗೊತ್ತು."

"ಯಾರ ಗಾಡಿ?"

"ನಮ್ಮ ಮನೇದು."

ಅಜ್ಜ ನನ್ನ ಮುಖ ನೋಡಿದ. ಮನೆಯವರ ಮೇಲಿನ ಸಿಟ್ಟು ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತೋ ಏನೋ, ಮತ್ತೇನೂ ಕೇಳದೆ ಕಣ್ಣಿಗೆ ಕಪ್ಪು ಗಾಜು ಇಳಿಸಿದ.

ಹೊರಡುವ ದಿನ ಬೆಳಿಗ್ಗೆ ಆರಕ್ಕೆ ಮೊದಲ ಪೀರಿಯಡ್ಡು. ಐದೂಮುಕ್ಕಾಲಿಗೆ ಪೆಟ್ಟಿಗೆ ಒಳಗೆ ಹೋಯಿತು. ಅಮ್ಮ, ಅತ್ತಿಗೆ, ಹುಡುಗಿಯರು ತಂತಮ್ಮ ಸೀಟು ಹಿಡಿದರು. ಅಮ್ಮ ಎರಡು ಸಲ ಕೂತೆದ್ದು, ಸೊಂಟಕ್ಕೆ ಹಿತವಾಗಿದೆ ಅಂದಳು. ಅಣ್ಣ ಚಾಲಕನ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟ. ಇನ್ನೊಂದು ಹೋಗಲಿಲ್ಲ. ಸೊಂಟ ತೂರಿಸಿದ, ಮೊಣಕಾಲು ಸ್ಟೇರಿಂಗಿಗೆ ಬಡಿಯಿತು. ಕೆಳಗೆ ಕೈ ಹಾಕಿ ಹಿಡಿ ಎತ್ತಿದ. ಮತ್ತೆ ಎತ್ತಿದ.

"ಸರೀತಾನೇ ಇಲ್ವಲ್ಲೇ ಇದು."

"ಸರಿಯಲ್ಲ. ಬೆಸುಗೆ ಹಾಕಿಸಿದ್ದೀನಿ."

ಅವನು ಇಳಿದ. "ತಲೆ ಕೆಟ್ಟಿದೆಯಾ ನಿಂಗೆ?"

"ಆರು ಜನರ ಅಳತೆ ತಗೊಂಡಿದ್ದೆ. ಚಾಲಕ ಯಾರು ಅಂತ ನನ್ನ ಕೇಳಲೇ ಇಲ್ಲ ನೀನು. ಯಾರಿಗೆ ಓಡಿಸೋಕೆ ಬರುತ್ತೋ ಅವರ ಅಳತೆಗೆ ಮಾಡಿದೆ."

"ಈಗಲೇ ಬಿಚ್ಚು."

"ಕೊಯ್ಯಬೇಕು. ವೆಲ್ಡರಜ್ಜ ಬರೋದು ಹತ್ತಕ್ಕೆ. ಆಮೇಲೆ ಹೊಸ ಹಳಿ ಬೇಕು, ಎರಡು ದಿನ."

"ಎರಡು ದಿನ" ಎಂದು ಅಣ್ಣ ಪಿಸುಗುಟ್ಟಿದ. ಅವನ ಕಣ್ಣ ಮುಂದೆ ಪೀರಿಯಡ್ಡುಗಳು ಒಂದರ ಮೇಲೊಂದು ಬೀಳುತ್ತಿದ್ದವು. ಏಣಿ ತಾನೊಮ್ಮೆ ನೋಡುತ್ತೇನೆಂದು ಹತ್ತಲು ಹೋಗಿ, ಮಡಿಚುವ ಕುರ್ಚಿಯ ಹಾಗೆ ಮೂರು ಕಡೆ ಮಡಿಚಿಕೊಂಡು, ಹಾರನ್ನಿನ ಮೇಲೆ ಗಲ್ಲ ಊರಿದ. ಅದು ಉದ್ದಕ್ಕೆ ಕೂಗಿತು. ಬೀದಿಯ ಎರಡು ಕಿಟಕಿಗಳು ತೆರೆದುಕೊಂಡವು. ಅವನು ಇಳಿದು ತನ್ನ ಚೀಲ ತೆಗೆದುಕೊಂಡ. "ಅಕ್ಕ, ನಾಯಿಗೆ ಔಷಧಿ ಎಷ್ಟು ಹೊತ್ತಿಗೆ?" ಎಂದು ನನ್ನನ್ನೇ ಕೇಳಿದ. ಅವನ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ಹೇಳಿದೆ.

"ಇದನ್ನ ನಾನು ಮರೆಯಲ್ಲ" ಅಂದ ಅಣ್ಣ.

"ಮರೀಬೇಡ. ನಾನು ಬೇಡಾ ಅಂತೀನಾ?"

ಒಳಗಿನಿಂದ ಅಮ್ಮನ ದನಿ ಬಂತು. "ಬಿಸಿಲೇರ್ತಿದೆ. ಯಾರ ಕಾಲಿಗೆ ಹೊಂದುತ್ತೋ ಅವರು ಓಡಿಸಿ."

ನಾನು ಹತ್ತಿ ಕೂತೆ. ಸೀಟು ಅಳತೆಗೆ ಹೊಲಿದ ಅಂಗಿಯಂತೆ ಹೊಂದಿತು. ಪಕ್ಕದಲ್ಲಿ ಅತ್ತಿಗೆ ಮುಖ ಊದಿಸಿಕೊಂಡಿದ್ದರು. ಅಣ್ಣ ನನ್ನ ಮುಖ ನೋಡಲಾರದೆ, ಖಾಲಿಯಿದ್ದ ಒಂದೇ ಜಾಗಕ್ಕೆ ಹೋಗಿ ಧೊಪ್ಪೆಂದು ಕೂತ. ನನ್ನ ಬೆನ್ನ ಹಿಂದೆ. ಎರಡೆಳೆ ಹೊಲಿಗೆಯ ಸೀಟಿನಲ್ಲಿ, ಸಮುದ್ರದ ಕಡೆಯ ಕಿಟಕಿಗೆ.

ಕನ್ನಡಿ ಸರಿಪಡಿಸಿದೆ. ಅದರಲ್ಲಿ ಅಣ್ಣನ ಕಿವಿ ಕಂಡಿತು. ಅವನು ಹೊರಗೆ ಮುಖ ತಿರುಗಿಸಿದ್ದರಿಂದ ಕಿವಿಯ ಹಿಂದಿನ ಮಚ್ಚೆಯೂ ಕಂಡಿತು. ಅದರ ಪಕ್ಕದಲ್ಲಿ ಎರಡು ಬೆರಳಗಲದಷ್ಟು ಕಿಟಕಿ. ಓಡಿಸುವವಳು ಪಕ್ಕಕ್ಕೆ ಮುಖ ತಿರುಗಿಸುವಂತಿಲ್ಲ. ಇನ್ನೆರಡು ಗಂಟೆಯಲ್ಲಿ ಆ ಸಂದಿಯಲ್ಲಿ ಸಮುದ್ರ ಬರುತ್ತದೆ. ಹೋಗುವ ದಾರಿಯುದ್ದಕ್ಕೂ ಅಲ್ಲೇ ಇರುತ್ತದೆ.

ನಾನು ಕನ್ನಡಿಯನ್ನೇ ನೋಡುತ್ತಿದ್ದೆ. ಗಾಡಿ ಇನ್ನೂ ಗೇಟು ದಾಟಿರಲಿಲ್ಲ.

"ರಸ್ತೆ ನೋಡ್ಕೊಂಡು ಓಡಿಸು" ಅಂದ ಅಣ್ಣ, ಹಿಂದಿನಿಂದ.