ಊದುವವನು ಬೇಡವಾದ ಬ್ಯಾಂಡು

ಅಜಯ ಎಲ್ಲ ವಾದ್ಯದ ದನಿ ಹೊರಡಿಸುವ ಸಿಂಥಸೈಜರ್ ಯಂತ್ರವನ್ನು ತಂದಿಟ್ಟ ದಿನವೇ ಶಿವಶರಣನಿಗೆ ಅದನ್ನು ಕಂಡರೆ ಹೇಸಿಗೆಯಾಯಿತು. ವರ್ಷಗಳಿಂದ ಅವರ ಬ್ಯಾಂಡು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸ್ಯಾನ್ ರಮೋನಿನಲ್ಲಿ, ಹಸನನ ಗರಾಜಿನಲ್ಲಿ ಸೇರಿ ಸೋಲ್ ಎಂಬ ಹಳೇ ಅಮೆರಿಕನ್ ಧಾಟಿಯ ಸಂಗೀತ ನುಡಿಸುತ್ತಿತ್ತು. ಹಸನನದು ಡ್ರಮ್ಸು, ಅಜಯನದು ಹಳೇ ಆರ್ಗನ್ನು. ಶಿವಶರಣನ ಹೆಂಡತಿ ಸುಮನ್ ಹಾಡುವವಳು. ಸ್ಯಾಕ್ಸೊಫೋನ್ ಊದುವವನು ಶಿವಶರಣ. ಉಸಿರು ತುಂಬದೆ ಬಂದದ್ದು ಸಂಗೀತವೇ ಅಲ್ಲ ಎಂಬುದು ಅವನ ಮತ.

ಅಜಯ ಒಂದು ಕೀಲಿ ಒತ್ತಿದ. ಟ್ರಂಪೆಟ್ಟು, ಸ್ಯಾಕ್ಸು ಎಲ್ಲ ಒಟ್ಟಿಗೇ ಕೂಗಿಕೊಂಡವು.

"ಇನ್ಮೇಲೆ ಫಂಕ್ ಮಾಡೋಣ ಶಿವು, ಜನ ಎದ್ದು ಕುಣಿಯೋ ಅಂಥದ್ದು. ನೀನು ಊದೋ ಹಾರ್ನ್ ಪಾರ್ಟೆಲ್ಲ ಇದ್ರಲ್ಲೇ ಬರತ್ತೆ," ಎಂದ.

"ಹಲ್ಲಿನ ಡಾಕ್ಟರು ಡ್ರಿಲ್ ಹಚ್ಚಿದಂಗ ಐತಿ," ಎಂದ ಶಿವಶರಣ.

ಹಸನ್ ಅಜಯನ ಮಾತಿಗೆ ಒಪ್ಪಿದ. ಸುಮನ್ ಕೂಡ ಒಪ್ಪಿದ್ದು ಶಿವಶರಣನ ಮೈಯೆಲ್ಲ ಉರಿಸಿತು. ಒಂದೆರಡು ಹಾಡಿಗೆ ಊದು ಎಂದು ಅಜಯ ಕೇಳಿದಾಗ, ಊಟಕ್ಕೆ ಕರೆದು ಉಪ್ಪಿನಕಾಯಿ ಮಾತ್ರ ಬಡಿಸಿದ ಹಾಗಾಯಿತು ಎಂದು ಹೇಳಿ ಎದ್ದು ಬಂದ. ಆಮೇಲೆ ಸುಮನ್ ಜೊತೆ ಕಾರಿನಲ್ಲಿ ಮನೆಗೆ ಹೋಗುವಾಗ ಫ್ರೀವೇ ಉದ್ದಕ್ಕೂ ಅಜಯನನ್ನು ಬೈದ. ಬೆರಳಿಗೆ ಬಂದದ್ದು ಎದೆಗೆ ಬರುತ್ತದೆಯೇ, ಅವನೊಬ್ಬ ಟೈಪಿಸ್ಟು ಎಂದ.

ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬಾರಿನಲ್ಲಿ ಬ್ಯಾಂಡಿನ ಹೊಸ ಅವತಾರದ ಮೊದಲ ಶೋ ಇತ್ತು. ಅವರು ಮಣ್ಣು ಮುಕ್ಕುವುದನ್ನು ಕಣ್ಣಾರೆ ಕಾಣಬೇಕೆಂದೇ ಶಿವಶರಣ ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತ. ಮೊದಲ ಹಾಡಿನಲ್ಲಿ ಅಜಯ ಯಾವುದೋ ತಪ್ಪು ಗುಂಡಿ ಒತ್ತಿದ್ದಕ್ಕೆ ಯಂತ್ರ ಕೊಂಯ್ ಎಂದಿತು. ಶಿವಶರಣನಿಗೆ ಹೊಟ್ಟೆ ತಣ್ಣಗಾಯಿತು. ಬೆಳ್ಳಿಬಣ್ಣದ ಜಾಕೆಟ್ ತೊಟ್ಟ ಅಜಯ ಅವನ ಕಣ್ಣಿಗೆ ಅಲ್ಯುಮಿನಿಯಂ ಫಾಯಿಲಿನಲ್ಲಿ ಸುತ್ತಿದ ಚಪಾತಿಯಂತೆ ಕಂಡ.

ಎರಡನೆಯ ಹಾಡಿಗೆ ಯಂತ್ರದಿಂದ ದಪ್ಪನೆಯ ಬೇಸು, ತಗ್ಗಿನ ಗುಡುಗು ದನಿ, ಹೊರಟು ನೆಲ ಅದುರಿತು. ಕುಳಿತವರು ಎದ್ದರು. ಅದರ ಮೇಲೆ ಸುಮನ್ ಮೈಕಿನಲ್ಲಿ ಮೆಲ್ಲಗೆ, ಪಕ್ಕದವರ ಕಿವಿಗೆ ಹೇಳುವಷ್ಟು ಮೆಲ್ಲಗೆ ಹಾಡಿದಳು. ಅಂಥ ದನಿ ಅವಳಲ್ಲಿ ಇರುವುದು ಶಿವಶರಣನಿಗೆ ಗೊತ್ತಿರಲಿಲ್ಲ. ಜನ ಕುಣಿಯುತ್ತ ಅವನ ಕಾಲು ತುಳಿದರು.

ಶೋ ಮುಗಿಸಿ ಮರಳುವಾಗ ಕಾರಿನಲ್ಲಿ ಅವನು ಮತ್ತೆ ಯಂತ್ರವನ್ನು ಹಳಿಯಲು ತೊಡಗಿದ. ಸುಮನ್ ತಡೆದಳು.

"ಇಷ್ಟ್ ವರ್ಷ ನಿನ್ನ ಸ್ಯಾಕ್ಸಿನ ಸಪ್ಪಳದ ಮ್ಯಾಲ ಕೇಳಸ್ಲಿ ಅಂತ ಒದರೇನಿ ನಾ. ಇವತ್ತ ಮೊದಲನೇ ಸಲ ಹಾಡೀನಿ."



ಬ್ಯಾಂಡಿಗೆ ಅವನು ಮರಳಲಿಲ್ಲ. ಈಗ ಭಾನುವಾರಗಳಂದು ಓಕ್‌ಲ್ಯಾಂಡಿನ ಕೆರೆಯ ದಂಡೆಯಲ್ಲಿ ಬೀದಿ ಬ್ಯಾಂಡೊಂದರ ಜೊತೆ ಊದುತ್ತಾನೆ. ಯಾರಾದರೂ ಫಂಕ್ ಎಂದರೆ ಮೂಗು ಮುರಿಯುತ್ತಾನೆ, ಅಜಯನ ಹೆಸರೆತ್ತಿದರೆ ಟೈಪಿಸ್ಟು ಎನ್ನುತ್ತಾನೆ. ಮನೆಯಲ್ಲಿ ಸುಮನ್ ಹಾಡಿಕೊಳ್ಳುವಾಗ ಮಾತ್ರ ಸ್ಯಾಕ್ಸನ್ನು ಪೆಟ್ಟಿಗೆಯಿಂದ ತೆಗೆಯುವುದಿಲ್ಲ.