ಹೊರ ಸಿಗ್ನಲ್ ದಾಟದ ಗಾಡಿ

ಅಕ್ಕನ ಹೊಲಿಗೆ ಅಂಗಡಿಯ ಮೂಲೆಯಲ್ಲಿ, ಬಟ್ಟೆ ಕತ್ತರಿಸುವ ಮೇಜಿಗೂ ಗೋಡೆಗೂ ನಡುವೆ ಉಳಿದ ಮೂರಡಿ ಜಾಗದಲ್ಲಿ ಕೂತು ತಮ್ಮ ರೈಲು ಓಡಿಸುತ್ತಿದ್ದ. ಮೂವತ್ತೊಂದು ವರ್ಷ ನಿಜವಾದ ರೈಲನ್ನೇ ಓಡಿಸಿದವನು. ಹೋದ ವರ್ಷ ಒಂದು ಬೆಳಿಗ್ಗೆ ಶೂ ಲೇಸು ಕಟ್ಟಲು ಬಗ್ಗಿದವನು ಹಾಗೇ ಪಕ್ಕಕ್ಕೆ ಉರುಳಿದ. ಪ್ರಾಣ ಉಳಿಯಿತು. ಕಾಲು ತಕ್ಕಮಟ್ಟಿಗೆ ಬಂತು, ಮಾತು ತಡವರಿಸುತ್ತ ಬಂತು, ಬಲಗೈ ಮಾತ್ರ ಬರುತ್ತೇನೆ ಅಂತಲೂ ಹೇಳದೆ ಬರುವುದಿಲ್ಲ ಅಂತಲೂ ಹೇಳದೆ ಸತಾಯಿಸುತ್ತ ಉಳಿಯಿತು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲವಾಗಿ ಅಕ್ಕ ಅವನನ್ನು ತನ್ನ ಮನೆಗೆ ಕರೆದುಕೊಂಡು ಬಂದಳು. ಅವಳ ಮನೆ ಅಂದರೆ ಮುಂದೆ ಅಂಗಡಿ, ಹಿಂದೆ ಒಂದು ಕೋಣೆ, ಅದರ ಹಿಂದೆ ಅಡುಗೆಮನೆ.

ಕೈಗೆ ಕೆಲಸ ಕೊಡಿ, ಕೊಟ್ಟಷ್ಟೂ ಬರುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಹಿಸುಕಲು ಒಂದು ರಬ್ಬರ್ ಚೆಂಡನ್ನೂ ಕೊಟ್ಟಿದ್ದರು. ಚೆಂಡು ಎರಡೇ ದಿನಕ್ಕೆ ಮಂಚದ ಕೆಳಗೆ ಸೇರಿತು. ಆಮೇಲೆ ಅವನ ಜೊತೆ ಕೆಲಸ ಮಾಡಿದವರು ಸೇರಿಕೊಂಡು, ಎಲ್ಲಿಂದಲೋ ಒಂದು ಹಳೆಯ ಕಂಪ್ಯೂಟರನ್ನು ತಂದು ಅದರಲ್ಲಿ ರೈಲಿನ ಆಟ ಹಾಕಿಕೊಟ್ಟರು. ಎಡಗೈಗೆ ವೇಗ, ಬಲಗೈ ತೋರುಬೆರಳಿಗೆ ಬ್ರೇಕು. ಚೆಂಡಿಗೆ ಬಗ್ಗದ ಬೆರಳು ಬ್ರೇಕಿಗೆ ಬಗ್ಗಿತು. ಅಕ್ಕ ಹೊಲಿಗೆ ಯಂತ್ರ ತುಳಿಯುತ್ತ ಓರೆಗಣ್ಣಿನಲ್ಲಿ ನೋಡಿ, ಅಂತೂ ಇವನ ಗಾಡಿ ಹಳಿ ಮೇಲೆ ಬಂತು ಎಂದು ಸಮಾಧಾನಪಟ್ಟುಕೊಂಡಳು.

ಆಟದಲ್ಲಿ ಅವನಿಗೆ ಇಷ್ಟವಾದದ್ದು ಒಂದೇ ದಾರಿ. ಐದು ಸಣ್ಣ ಸ್ಟೇಷನ್ನು, ಒಂದು ಸುರಂಗ, ಒಂದು ನದಿ ಸೇತುವೆ, ಕೊನೆಗೆ ಹನ್ನೊಂದು ಪ್ಲಾಟ್‌ಫಾರ್ಮಿನ ದೊಡ್ಡ ಸ್ಟೇಷನ್ನು. ಇಪ್ಪತ್ತಾರು ನಿಮಿಷದ ಓಟ. ಒಂದು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಒಂದು ದಿನ, ದೊಡ್ಡ ಸ್ಟೇಷನ್ನಿನ ಹೊರ ಸಿಗ್ನಲ್ ಹತ್ತಿರ ಅವನು ಬ್ರೇಕ್ ಒತ್ತಿದ್ದೇ ತಡ, ಚಿತ್ರ ಅಲ್ಲಾಡದೆ ನಿಂತಿತು. ಗುರ್ರ್ ಎಂದು ಸದ್ದಾಯಿತು. ಮೆಮೊರಿ ಸಾಲದು ಎಂದು ಬರೆದ ಒಂದು ಬಿಳಿ ಚೌಕ ಬಂತು, ಆಟ ಮುಚ್ಚಿಕೊಂಡಿತು. ಮರುದಿನವೂ ಅಲ್ಲೇ. ಅದರ ಮರುದಿನವೂ ಅಲ್ಲೇ.

ಆ ಚೌಕದಲ್ಲಿ ಏನು ಬರೆದಿದೆ ಎಂಬುದಕ್ಕೆ ತಮ್ಮ ತಲೆ ಕೆಡಿಸಿಕೊಳ್ಳಲಿಲ್ಲ. ಬ್ರೇಕ್ ಹಿಡಿದ ಜಾಗದಲ್ಲಿ ಗಾಡಿ ಕೆಟ್ಟರೆ ಕೇಳಬೇಕಾದದ್ದು ಬ್ರೇಕ್ ಹಿಡಿದವನನ್ನು. ಅವನು ಕಲಿತು ಬಂದ ಪಾಠ ಅದು. ನೋಟ್‌ಬುಕ್ಕೊಂದನ್ನು ಇಟ್ಟುಕೊಂಡು, ಕೆಲಸದಲ್ಲಿದ್ದಾಗ ಬರೆಯುತ್ತಿದ್ದ ಹಾಗೆಯೇ, ಎಡಗೈಯ ಸೊಟ್ಟ ಅಕ್ಷರದಲ್ಲಿ ಪ್ರತಿ ಓಟವನ್ನೂ ಬರೆದಿಟ್ಟ. ಹೊರಟ ಹೊತ್ತು, ನಿಂತ ಹೊತ್ತು, ವೇಗ, ಜಾಗ. ಪ್ರತಿಯೊಂದರ ಕೆಳಗೂ ಒಂದೇ ಸಾಲು: ತಪ್ಪು, ಚಾಲಕನದು.

ಒಂದು ಮಧ್ಯಾಹ್ನ ಗಿರಾಕಿಗಳು ಅವಸರ ಮಾಡುತ್ತ ನಿಂತಿದ್ದಾಗ ಮತ್ತೆ ಗುರ್ರ್ ಎಂದಿತು. ಅಕ್ಕನಿಗೆ ಎಲ್ಲಿತ್ತೋ ಸಿಟ್ಟು, ತಲೆ ಎತ್ತದೆಯೇ ಅಂದುಬಿಟ್ಟಳು: "ಸ್ವಲ್ಪ ಮೆಲ್ಲಗೆ ಒತ್ತಬಾರದೇನೋ. ಗುದ್ದಿದ್ರೆ ಯಾವ ಮೆಷಿನ್ ತಾನೆ ತಡ್ಕೊಳ್ಳುತ್ತೆ."

ತಮ್ಮ ಅವತ್ತಿನಿಂದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂರಲು ಶುರುಮಾಡಿದ. ಊಟಕ್ಕೆ ಕೂತಾಗಲೂ ಅದನ್ನು ಮೇಜಿನ ಮೇಲಕ್ಕೆ ತರಲಿಲ್ಲ. ನಾಲ್ಕು ದಿನ ಕಳೆದ ಮೇಲೆ, ಈ ಶನಿವಾರ ಯಾರಿಗಾದರೂ ಈ ಡಬ್ಬಿಯನ್ನು ಕೊಟ್ಟುಬಿಡು ಎಂದ. ಬಿಟ್ಟುಬಿಡುತ್ತಿರುವುದು ಆಟವನ್ನಲ್ಲ, ಕೈಯನ್ನು ಎಂಬುದು ಅಕ್ಕನಿಗೆ ಗೊತ್ತಾಯಿತು. ಅದೇ ಸಂಜೆ ಹಿಂದಿನ ಬೀದಿಯ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದಳು.

ಅವನಿಗೆ ಬೀದಿಯವರು ಇಟ್ಟ ಹೆಸರು 'ಆಮೇಲೆ'. ವಯಸ್ಸು ಐವತ್ತು ದಾಟಿತ್ತು, ಕನ್ನಡಕ ಯಾವಾಗಲೂ ಹಣೆಯ ಮೇಲೆ. ಯಾರು ಏನೇ ಹೇಳಿದರೂ ಆಮೇಲೆ, ಆಮೇಲೆ ಎಂದು ಕೇಳುತ್ತ ಹೋಗುವುದು ಅವನ ಪದ್ಧತಿ. ಅವನ ಹತ್ತಿರ ನೆಗಡಿ ಅಂದರೆ ಅಜ್ಜನಿಗೆ ಬಂದಿದ್ದ ನೆಗಡಿಯನ್ನೂ ಹೇಳಿಯೇ ಎದ್ದು ಬರಬೇಕು ಎಂದು ಜನ ನಗುತ್ತಿದ್ದರು. ಇನ್ನೊಂದು ಪದ್ಧತಿಯೂ ಇತ್ತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ನೋಡಬೇಕು, ಆಮೇಲೆ ಇನ್ನೊಂದು. ಎರಡನ್ನು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಸರಿಹೋಯಿತು ಎಂದು ದೇವರಿಗೂ ತಿಳಿಯುವುದಿಲ್ಲ ಎನ್ನುವನು.

ಮೊದಲ ದಿನ ಆಟದ ಜೊತೆಗೆ ಹಿಂದೆ ಸುಮ್ಮನೆ ಓಡುತ್ತಿದ್ದ ಬೇರೆ ಪ್ರೋಗ್ರಾಂಗಳನ್ನು ಮುಚ್ಚಿ, ತಮ್ಮನಿಂದಲೇ ಗಾಡಿ ಓಡಿಸಿ ನೋಡಿದ. ಗಾಡಿ ಹೊರ ಸಿಗ್ನಲ್ಲಿನಲ್ಲೇ ನಿಂತಿತು. ಮರುದಿನ ಚಿತ್ರ ತೋರಿಸುವ ಭಾಗದ ಪ್ರೋಗ್ರಾಮನ್ನು ಹೊಸದಾಗಿ ಹಾಕಿದ. ಅಲ್ಲೇ ನಿಂತಿತು. ಮೂರನೆಯ ದಿನ ಆಟದ ಚಿತ್ರಗಳನ್ನು ಕಡಿಮೆ ಮಾಡಿದ. ಮರಗಳ ಎಲೆ ಹೋಯಿತು, ಮನೆಗಳ ಕಿಟಕಿ ಹೋಯಿತು, ನದಿ ನೀಲಿ ಬಟ್ಟೆ ಹಾಸಿದಂತಾಯಿತು. ಗಾಡಿ ಸಿಗ್ನಲ್ಲನ್ನು ದಾಟಿ ಒಂದು ಬೋಗಿಯಷ್ಟು ಮುಂದೆ ಹೋಗಿ ನಿಂತುಹೋಯಿತು. ತಮ್ಮನ ಮುಖ ಇನ್ನಷ್ಟು ಸಪ್ಪಗಾಯಿತು. ಇಷ್ಟು ಸುಲಭ ಮಾಡಿಕೊಟ್ಟರೂ ತನ್ನ ಕೈಯಲ್ಲಿ ಆಗಲಿಲ್ಲ ಎಂಬುದು ಅವನು ಓದಿಕೊಂಡ ಅರ್ಥ. ಎದ್ದು ಒಳಗೆ ಹೋಗಿ ಗೋಡೆಗೆ ಮುಖಮಾಡಿ ಮಲಗಿದ. ಮಾರನೆಯ ದಿನವೇ ಶನಿವಾರ.

ಶನಿವಾರ ಬೆಳಿಗ್ಗೆ ರಿಪೇರಿಯವನು ಬಂದಾಗ ತಮ್ಮ ಕೋಣೆಯಿಂದ ಹೊರಗೆ ಬರಲಿಲ್ಲ. ಮೇಜಿನ ಮೇಲೆ ನೋಟ್‌ಬುಕ್ ಬಿದ್ದಿತ್ತು. ರಿಪೇರಿಯವನು ಹಣೆಯ ಕನ್ನಡಕವನ್ನು ಮೂಗಿಗೆ ಇಳಿಸಿ ಒಂದೊಂದೇ ಪುಟ ಓದಿದ. ಹದಿನೇಳು ಓಟ, ಹದಿನೇಳು ತಪ್ಪು. ಒಂಬತ್ತನೆಯದರ ಹತ್ತಿರ ಅವನ ಬೆರಳು ನಿಂತಿತು. ಅವತ್ತು ಕೈ ಸೋತಿತ್ತು, ಬ್ರೇಕ್ ಮುಟ್ಟಲಿಲ್ಲ, ಗಾಡಿಯನ್ನು ಹಾಗೇ ಹೋಗಲು ಬಿಟ್ಟೆ ಎಂದು ತಮ್ಮ ಬರೆದಿದ್ದ. ಹಾಗೆ ಬಿಟ್ಟ ಗಾಡಿಯೂ ಹೊರ ಸಿಗ್ನಲ್ಲಿನಲ್ಲೇ ನಿಂತಿತ್ತು. ಅದರ ಕೆಳಗೂ ಅದೇ ಸಾಲು: ತಪ್ಪು, ಚಾಲಕನದು.

"ಮುಟ್ಟದೇ ಇರೋ ಬ್ರೇಕಿಂದ ಏನಮ್ಮ ತಪ್ಪಾಗುತ್ತೆ," ಎಂದ ರಿಪೇರಿಯವನು. "ದೊಡ್ಡ ಸ್ಟೇಷನ್ನು, ನೂರಾರು ಕಟ್ಟಡ. ಅದನ್ನೆಲ್ಲ ಒಟ್ಟಿಗೆ ಹೊತ್ಕೊಳ್ಳೋಕೆ ಮೆಷಿನ್‌ಗೆ ಜಾಗ ಸಾಲ್ತಿಲ್ಲ. ಮುಚ್ಚಳ ತೆಗೀದೇನೇ ಮೂರು ದಿನ ವೈದ್ಯ ಮಾಡಿದೀನಿ ನಾನು, ನನಗೇ ಎರಡು ಬಿಡಬೇಕು."

ಮುಚ್ಚಳ ತೆಗೆದ. ಒಳಗೆ ಬೆರಳುದ್ದದ ಎರಡು ಮೆಮೊರಿ ಪಟ್ಟಿಗಳು ಪಕ್ಕಪಕ್ಕದಲ್ಲಿ ನಿಂತಿದ್ದವು. ಎರಡೂ ಸೇರಿ ಎಂಟು ಜಿಬಿ ಇರಬೇಕಾದ ಕಡೆ ಪರದೆ ನಾಲ್ಕನ್ನೇ ತೋರಿಸುತ್ತಿತ್ತು. ಒಂದು ಪಟ್ಟಿ ಇದ್ದೂ ಇಲ್ಲದಂತಿತ್ತು. ಅದನ್ನು ಮೆಲ್ಲಗೆ ಕಿತ್ತು ಬೆಳಕಿಗೆ ಹಿಡಿದ. ಅಂಚಿನ ಹೊಳೆಯುವ ಹಲ್ಲುಗಳ ಮೇಲೆ ಬೂದು ಬಣ್ಣದ ಅಂಟು, ಅದರ ತುಂಬ ನೂಲಿನ ಹತ್ತಿಪುಡಿ. ಮೂಗಿನ ಹತ್ತಿರ ಒಯ್ದ. ಅಕ್ಕನನ್ನು ನೋಡಿ, ಈ ಡಬ್ಬಿಯನ್ನು ಯಾರು ಒರೆಸುತ್ತಾರೆ ಎಂದು ಕೇಳಿದ.

"ನಾನೇ. ಶುಕ್ರವಾರ ಶುಕ್ರವಾರ."

"ಆಮೇಲೆ?"

ಇದರೊಳಗಿನ ಫ್ಯಾನು ಕಿರ್ರ್ ಅನ್ನುತ್ತಿತ್ತು, ಅದಕ್ಕೇ ಒಂದು ದಿನ ಮುಚ್ಚಳ ತೆಗೆದೆ ಎಂದಳು ಅಕ್ಕ. ಒಂದು ಹನಿ ಎಣ್ಣೆ ಬಿಟ್ಟೆ, ಸದ್ದು ನಿಂತೇಹೋಯಿತು ಎನ್ನುವಾಗ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

"ಆಮೇಲೆ?"

ಆಮೇಲೆ ಎಂದು ಶುರುಮಾಡಿದವಳು ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡಳು. ಅವಳಿಗೆ ಕೆಲಸ ಕಲಿಸಿದಾಕೆ ನಲವತ್ತು ವರ್ಷದ ಹಿಂದೆ ಹೇಳಿಕೊಟ್ಟದ್ದು ಒಂದೇ ಮಾತು: ಲೋಹಕ್ಕೆ ಲೋಹ ತಾಗುವ ಕಡೆಯೆಲ್ಲ ವಾರಕ್ಕೊಂದು ಹನಿ. ಯಂತ್ರ ಕಾಪಾಡುವುದರಲ್ಲಿ ಅವಳದು ಎತ್ತಿದ ಕೈ. ಅವಳ ಅಂಗಡಿಯ ನಾಲ್ಕು ಹೊಲಿಗೆ ಯಂತ್ರಗಳಲ್ಲಿ ಒಂದೂ ಇವತ್ತಿನವರೆಗೆ ನಿಂತದ್ದಿಲ್ಲ. ಫ್ಯಾನಿಗೆ ಎಣ್ಣೆ ಹಿಡಿಸಿದ್ದನ್ನು ಕಂಡು ಅವಳು ಅಷ್ಟಕ್ಕೇ ಬಿಟ್ಟಿರಲಿಲ್ಲ. ಪಟ್ಟಿಗಳು ಕೂರುವ ಸಂದಿಯಲ್ಲಿ ಹಲ್ಲಿಗೆ ಹಲ್ಲು ತಾಗುವುದನ್ನು ನೋಡಿ, ಅಲ್ಲಿಗೂ ಒಂದೊಂದು ಹನಿ. ತಪ್ಪದೆ, ಪ್ರತಿ ಶುಕ್ರವಾರ, ಪ್ರೀತಿಯಿಂದ. ಎಣ್ಣೆ ಅಂಟಾಯಿತು, ಅಂಟು ಅಂಗಡಿಯ ಹತ್ತಿಪುಡಿಯನ್ನೆಲ್ಲ ಹಿಡಿದುಕೊಂಡಿತು, ಪಟ್ಟಿಯೊಂದು ಕಣ್ಣು ಮುಚ್ಚಿಕೊಂಡಿತು.

ರಿಪೇರಿಯವನು ಒಳಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಧೂಳು ಕೂತಿತ್ತು ಅಂತ ಹೇಳ್ತೀನಿ ಬಿಡಮ್ಮ. ಸುಳ್ಳೇನಲ್ಲ, ಧೂಳೂ ಇದೆ."

ಅವನು ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಹಲ್ಲುಗಳನ್ನು ಉಜ್ಜುವುದನ್ನು, ಸ್ಪಿರಿಟ್ಟಿನಲ್ಲಿ ಅದ್ದಿದ ಬ್ರಷ್ಷಿನಿಂದ ಸಂದಿ ತೊಳೆಯುವುದನ್ನು ಅಕ್ಕ ನೋಡುತ್ತ ನಿಂತಳು. ಧೂಳು ಎಂದರೆ ಎಲ್ಲವೂ ಮುಗಿಯುತ್ತದೆ. ಆಟ ಓಡುತ್ತದೆ, ತಮ್ಮನೂ ಕೂರುತ್ತಾನೆ. ಆದರೆ ಮೆಲ್ಲಗೆ ಒತ್ತಬಾರದೇನೋ ಎಂದದ್ದು ಎಲ್ಲಿಗೆ ಹೋಗುತ್ತದೆ? ಅದನ್ನು ಧೂಳು ಆಡಿರಲಿಲ್ಲ. ಇಷ್ಟು ದಿನ ಅವನು ಊಟದ ಮೇಜಿನ ಕೆಳಗೆ ಬಚ್ಚಿಟ್ಟ ಕೈ ಆ ಮಾತನ್ನು ಇಟ್ಟುಕೊಂಡೇ ಕೂತಿದೆ. ಯಾರೂ ವಾಪಸ್ ತೆಗೆದುಕೊಳ್ಳದಿದ್ದರೆ ಅದು ಅಲ್ಲೇ ಉಳಿಯುತ್ತದೆ. ನಾಳೆ ಲೋಟ ಜಾರಿದರೂ ಅವನಿಗೆ ನೆನಪಾಗುವುದು ಅದೇ.

ಎರಡೂ ಪಟ್ಟಿಗಳು ತಮ್ಮ ಜಾಗಕ್ಕೆ ಹೋದವು. ಪರದೆ ಎಂಟು ತೋರಿಸಿತು. ರಿಪೇರಿಯವನು ತಾನೇ ಗಾಡಿ ಓಡಿಸಿ ನೋಡಲು ಕುರ್ಚಿ ಎಳೆದುಕೊಂಡ. ಅಕ್ಕ ತಡೆದಳು. ನೋಟ್‌ಬುಕ್ಕನ್ನೂ ಒಂದು ಪೆನ್ನನ್ನೂ ಎತ್ತಿಕೊಂಡು ಒಳಗೆ ಹೋಗಿ ಮಂಚದ ಅಂಚಿನಲ್ಲಿ ಕೂತಳು.

"ಲೋ, ಈ ಕಡೆ ತಿರುಗು. ಮೆಷಿನ್ ಕೆಡಿಸಿದ್ದು ನೀನಲ್ಲ, ನಾನು. ಹೊಲಿಗೆ ಮೆಷಿನ್‌ಗೆ ಬಿಡೋ ಹಾಗೆ ಅದಕ್ಕೂ ಎಣ್ಣೆ ಬಿಟ್ಟೆ. ಮೆಲ್ಲಗೆ ಒತ್ತು ಅಂತ ನಿನಗೆ ಬೈದ್ನಲ್ಲ, ಅವತ್ತೂ ಅದು ನನ್ನ ಎಣ್ಣೆಯಿಂದಾನೇ ನಿಂತಿತ್ತು."

ತಮ್ಮ ತಿರುಗಿದ. ಅವನ ಬಾಯಿಯ ಎಡ ಅಂಚು ಮೇಲಕ್ಕೆ ಹೋಯಿತು, ಬಲ ಅಂಚು ತಡವಾಗಿ ಅದರ ಹಿಂದೆ ಹೋಗಲು ನೋಡಿತು.

"ಎಣ್ಣೆ," ಎಂದ. "ಕಂಪ್ಯೂಟರ್... ಗೆ."

"ಹೂಂ ಕಣೋ. ನಗೋದಾದ್ರೆ ಪೂರ್ತಿ ನಗು, ಅರ್ಧ ಬೇಡ."

ಅವನು ನಕ್ಕ. ಹೊರಗಿದ್ದ ರಿಪೇರಿಯವನೂ ತಡೆದುಕೊಳ್ಳಲಾರದೆ ಕೆಮ್ಮಿದ. ನಗು ನಿಂತ ಮೇಲೆ ತಮ್ಮ ಎದ್ದು ಕೂತು, ನೋಟ್‌ಬುಕ್ಕನ್ನು ಎಡಗೈಯಿಂದ ಅವಳ ಕಡೆ ತಳ್ಳಿದ. ವಿಚಾರಣೆ ಬಾಯಿಮಾತಿನಲ್ಲಿ ಮುಗಿಯುವುದಿಲ್ಲ, ಬರಹದಲ್ಲಿ ಬೇಕು ಎಂದು ಒಂದೊಂದೇ ಪದವನ್ನು ಹುಡುಕಿಕೊಂಡು ಹೇಳಿದ. ರೈಲಿನವರ ಪದ್ಧತಿ ಹಾಗೆ. ಅಕ್ಕ ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಶುರುಮಾಡಿದಳು. 'ಚಾಲಕನದು' ಎಂಬುದನ್ನು ಹೊಡೆದುಹಾಕಿ ಪಕ್ಕದಲ್ಲಿ 'ಎಣ್ಣೆ ಬಿಟ್ಟವಳದು' ಎಂದು ಬರೆದಳು. ಒಂದು ಕಡೆ ಬರೆದರೆ ಸಾಲದೇ ಎಂದು ಕೇಳಿದ್ದಕ್ಕೆ ಅವನು ತಲೆಯಾಡಿಸಿ ಮುಂದಿನ ಪುಟ ತಿರುಗಿಸಿದ. ಹದಿನೇಳು ಕಡೆ ಬರೆಸಿದ, ಹದಿನೇಳು ಕಡೆ ರುಜು ಹಾಕಿಸಿದ. ಕೊನೆಯ ರುಜುವಿನ ಹೊತ್ತಿಗೆ ಅವಳ ಕೈ ನೋಯುತ್ತಿತ್ತು. ನೋಯಲಿ ಎಂದುಕೊಂಡಳು.

ಆಮೇಲೆ ಅವನು ಎದ್ದು ಹೋಗಿ ಮೂರಡಿ ಜಾಗದಲ್ಲಿ ಕೂತ. ತೊಡೆಯ ಮೇಲಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಬ್ರೇಕಿನ ಮೇಲಿಟ್ಟುಕೊಂಡ. ಐದು ಸ್ಟೇಷನ್ನುಗಳು ಹೋದವು. ಸುರಂಗ ಹೋಯಿತು. ರಿಪೇರಿಯವನು ಅಷ್ಟರಲ್ಲಿ ಎಲೆ, ಕಿಟಕಿ, ಅಲೆಗಳನ್ನೆಲ್ಲ ವಾಪಸ್ ಹಾಕಿದ್ದರಿಂದ ಸೇತುವೆಯ ಕೆಳಗೆ ನೀರು ಹರಿಯಿತು. ಹೊರ ಸಿಗ್ನಲ್ ಬಂತು. ಹೊಲಿಗೆ ಯಂತ್ರಕ್ಕೆ ಮರಳಿದ್ದ ಅಕ್ಕನ ಕಾಲು ತುಳಿಯುವುದನ್ನು ನಿಲ್ಲಿಸಿತು. ಬೆರಳು ನಿಧಾನವಾಗಿ ಇಳಿಯಿತು, ಸಿಗ್ನಲ್ ಹಿಂದಕ್ಕೆ ಸರಿಯಿತು, ದೊಡ್ಡ ಸ್ಟೇಷನ್ನು ತನ್ನ ಹನ್ನೊಂದು ಪ್ಲಾಟ್‌ಫಾರ್ಮುಗಳೊಂದಿಗೆ ಎದುರಿಗೆ ತೆರೆದುಕೊಂಡಿತು. ಗಾಡಿ ಒಳಗೆ ಬಂತು, ಬಂದದ್ದು ನಿಲ್ಲಬೇಕಾದಲ್ಲಿ ನಿಲ್ಲದೆ ಪ್ಲಾಟ್‌ಫಾರ್ಮನ್ನು ಎರಡು ಬೋಗಿಯಷ್ಟು ದಾಟಿ ನಿಂತಿತು.

ತಮ್ಮ ನೋಟ್‌ಬುಕ್ಕನ್ನು ಎಳೆದುಕೊಂಡು ಪೆನ್ನನ್ನು ಎಡಗೈಯಿಂದ ಬಲಗೈಗೆ ದಾಟಿಸಿದ. ಪೆನ್ನು ಎರಡು ಸಲ ಜಾರಿತು. ಮೂರನೆಯ ಸಲ ನಿಂತಿತು. ಒಂದೊಂದು ಅಕ್ಷರಕ್ಕೂ ಇಷ್ಟಿಷ್ಟು ಹೊತ್ತು ತೆಗೆದುಕೊಂಡು ಬರೆದು ಮುಗಿಸಿ, ಅಕ್ಕನಿಗೆ ಕಾಣುವಂತೆ ತಿರುಗಿಸಿ ಹಿಡಿದ. ಅವಳು ಹೊಲಿಗೆ ಬಿಟ್ಟು ಹತ್ತಿರ ಬಂದು ಓದಿದಳು.

ಎರಡು ಬೋಗಿ ಮುಂದೆ ಹೋಯಿತು. ಬ್ರೇಕ್ ತಡವಾಯಿತು. ತಪ್ಪು, ಚಾಲಕನದು. ನಾಳೆ ಮತ್ತೆ.